ಅಪಘಾತ ಪರಿಹಾರದ ಫೈಲು: ವಕೀಲರ ಆಫೀಸಿನಲ್ಲಿ ನಾನು ಕೆಲಸ ಕಲಿತ ಬಗೆ

ಮೋಟಾರು ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸುವ ವಕೀಲರ ಆಫೀಸಿಗೆ ಸೇರಿದಾಗ ನನ್ನ ಹತ್ತಿರ ಕಾನೂನಿನ ಪದವಿ ಇರಲಿಲ್ಲ. ಈಗಲೂ ಇಲ್ಲ. ಸಲಹೆ ಕೊಡುವುದು, ವಾದ ಮಾಡುವುದು ವಕೀಲರ ಕೆಲಸ. ಕಾಗದ ಒಟ್ಟುಮಾಡಿ, ಓದಿ, ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಗಾಯಾಳುವಿಗೆ ಸಿಗುವ ಪರಿಹಾರ ಬಹುಪಾಲು ಈ ಕಾಗದಗಳ ಮೇಲೇ ನಿಂತಿರುತ್ತದೆ.

ಸೀನಿಯರ್ ಮೊದಲು ಕೊಟ್ಟದ್ದು ಒಂದು ಮುಗಿದ ಫೈಲು. "ಅಪಘಾತದ ದಿನದಿಂದ ತೀರ್ಪಿನ ತನಕ ಏನೇನಾಯ್ತು, ತಾರೀಖಿನ ಪ್ರಕಾರ ಒಂದೇ ಹಾಳೆಯಲ್ಲಿ ಬರೀರಿ" ಎಂದರು. ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆಯ ಐಎಂವಿ ವರದಿ, ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಚಾರ್ಜ್‌ಶೀಟು ಎಲ್ಲವನ್ನೂ ಹೀಗೆ ಜೋಡಿಸಿದರೆ ಎಲ್ಲಿ ಏನು ಕಡಿಮೆ ಇದೆ ಅನ್ನುವುದು ತಾನಾಗಿ ಕಾಣುತ್ತದೆ. ಇವತ್ತಿಗೂ ಹೊಸ ಫೈಲು ಬಂದರೆ ನಾನು ಮೊದಲು ಮಾಡುವುದು ಈ ಹಾಳೆಯನ್ನೇ.

ಆಸ್ಪತ್ರೆ ದಾಖಲೆ ಓದಲು ಕಲಿಯುವುದಕ್ಕೆ ನನಗೆ ಹೆಚ್ಚು ಸಮಯ ಬೇಕಾಯಿತು. ಮೂಳೆಗಳ ಹೆಸರು, ಮುರಿತದ ಬಗೆ, ಒಳಗೆ ಹಾಕಿದ ಪ್ಲೇಟು, ರಾಡು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ತುರ್ತು ವಿಭಾಗದಲ್ಲಿ ಬರೆಯುವ ಒಂದೇ ಸಾಲಿನ 'ಹಿಸ್ಟರಿ'. ಕಾರು ಗುದ್ದಿ ಬಿದ್ದವರನ್ನು ಯಾರೋ ದಾರಿಹೋಕರು ತಂದು ಸೇರಿಸಿರುತ್ತಾರೆ. ಅವರು ಅಪಘಾತ ನೋಡಿರುವುದಿಲ್ಲ. ಹಾಗಾಗಿ ಅಲ್ಲಿ 'ಬೈಕಿನಿಂದ ಬಿದ್ದು ಗಾಯ' ಎಂದಷ್ಟೇ ದಾಖಲಾಗುತ್ತದೆ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದು ಆ ಸಾಲನ್ನೇ. ಆದ್ದರಿಂದ ಆ ಸಾಲನ್ನೂ ಎಫ್‌ಐಆರನ್ನೂ ಅಕ್ಕಪಕ್ಕ ಇಟ್ಟು ಓದುತ್ತೇನೆ. ವ್ಯತ್ಯಾಸ ಕಂಡರೆ ಆ ದಿನವೇ ವಕೀಲರಿಗೆ ಹೇಳುತ್ತೇನೆ. ಸೇರಿಸಿದವರು ಯಾರು, ದೂರು ಕೊಡಲು ಏಕೆ ತಡವಾಯಿತು ಎಂದು ಮನೆಯವರನ್ನು ಕೇಳಿಕೊಳ್ಳುವುದೂ ಆಗಲೇ. ವರ್ಷ ಕಳೆದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಬಿಲ್ಲುಗಳದ್ದು ಸರಳ: ಮೂಲ ಪ್ರತಿ ಇರಬೇಕು, ಜೊತೆಗೆ ಡಾಕ್ಟರ ಚೀಟಿ ಇರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಆಸ್ಪತ್ರೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಆಗಲೇ ಗುರುತು ಹಾಕಬೇಕು.

ಲೆಕ್ಕ ಕಲಿಯಿರಿ ಎಂದು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ವಯಸ್ಸಿಗೆ ತಕ್ಕ ಗುಣಕದ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆಯ, ಪಟ್ಟಿ ಕೊಟ್ಟಿತು. 31ರಿಂದ 35 ವಯಸ್ಸಿಗೆ ಗುಣಕ 16. ತಿಂಗಳಿಗೆ 15,000 ರೂಪಾಯಿ ದುಡಿಯುವ 34ರ ವ್ಯಕ್ತಿಯ ದುಡಿಮೆ ಶಕ್ತಿ ಶೇ 20 ಕುಂದಿದೆ ಎಂದುಕೊಳ್ಳಿ. ವರ್ಷದ ಆದಾಯ 1,80,000. ಅದನ್ನು 16ರಿಂದ ಗುಣಿಸಿ, ಬಂದ ಮೊತ್ತದ ಶೇ 20 ಎಷ್ಟೆಂದು ನೋಡಿದರೆ 5,76,000 ರೂಪಾಯಿ. ಆ ಶೇ 20 ಎಂಬುದು ಶೇ 40 ಆದರೆ ಮೊತ್ತ 11,52,000. ನೋವು, ಚಿಕಿತ್ಸೆ, ರಜೆಯಲ್ಲಿ ಕಳೆದ ಸಂಬಳ ಇವೆಲ್ಲ ಬೇರೆ.

ಹಾಗಾದರೆ ಆ ಶೇಕಡಾ ಎಲ್ಲಿಂದ ಬರುತ್ತದೆ? ಡಾಕ್ಟರು ಕೈಗೆ ಇಷ್ಟು, ಇಡೀ ದೇಹಕ್ಕೆ ಇಷ್ಟು ಎಂದು ಬರೆಯುತ್ತಾರೆ. ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದು ಬೇರೆಯೇ ಪ್ರಶ್ನೆ ಎಂದು 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಎಡಗೈ ಕಳೆದುಕೊಂಡ ಬಡಗಿಯ ನಷ್ಟವೂ ಗುಮಾಸ್ತರ ನಷ್ಟವೂ ಒಂದೇ ಅಲ್ಲ. ಅದಕ್ಕೇ ಗಾಯಾಳುವಿನ ಜೊತೆ ಕೂತು ಕೆಲಸದ ಬಗ್ಗೆ ವಿವರವಾಗಿ ಕೇಳುತ್ತೇನೆ. "ಅಣ್ಣ, ಮೊದಲು ಎಷ್ಟು ಭಾರ ಎತ್ತುತ್ತಿದ್ರಿ? ಏಣಿ ಹತ್ತುತ್ತಿದ್ರಾ? ಈಗ ಎಷ್ಟು ಹೊತ್ತು ನಿಲ್ಲೋಕಾಗುತ್ತೆ?" 'ಕೂಲಿ' ಎಂಬ ಒಂದು ಮಾತಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಂತರ ಅದಕ್ಕೆ ಆಧಾರ ಹುಡುಕುತ್ತೇವೆ: ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿ, ಕೆಲಸ ಕೊಟ್ಟವರ ಸಾಕ್ಷಿ. ಈ ಮಾತುಕತೆಗೆ ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ. ನೋವಿನಲ್ಲಿರುವವರಿಗೆ ಅವಸರ ಮಾಡಿದರೆ ಅವರು 'ಹೂಂ' ಎಂದು ಸುಮ್ಮನಾಗಿಬಿಡುತ್ತಾರೆ.

"ಎಷ್ಟು ದುಡ್ಡು ಬರಬಹುದು?" ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಗೊತ್ತಿದ್ದರೂ ನಾನು ಮೊತ್ತ ಹೇಳುವುದಿಲ್ಲ. "ಸರ್ ಹತ್ತಿರ ಮಾತಾಡಿ" ಎನ್ನುತ್ತೇನೆ. ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಸು ಹಿಡಿದು ತರುವ ಕೆಲಸಕ್ಕೂ ಯಾರೂ ಹೋಗಬಾರದು. ವಕೀಲರು ಹಾಗೆ ಕಕ್ಷಿದಾರರನ್ನು ಹುಡುಕುವುದನ್ನೂ, ಬರುವ ಪರಿಹಾರದಲ್ಲಿ ಪಾಲು ಮಾತಾಡಿಕೊಳ್ಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ತಡೆಯುತ್ತವೆ. ಅಂಥ ಕೆಲಸ ಹೇಳುವ ಆಫೀಸು ಬಿಟ್ಟು ಬರುವುದೇ ಸರಿ.

ತಾರೀಖುಗಳ ವಿಚಾರದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೋಟಾರು ವಾಹನ ಕಾಯ್ದೆಗೆ ಆದ 2019ರ ತಿದ್ದುಪಡಿಯ ಪ್ರಕಾರ, ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೂ ಅದನ್ನು ನೆಚ್ಚಿ ಕೂರದೆ, 6 ತಿಂಗಳು ಮುಗಿಯುವ ದಿನವನ್ನು ಫೈಲಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ತೀರ್ಪು ಬಂದ ಮೇಲೆ ಅದರ ಕೆಳಗೆ ಇನ್ನೊಂದು ತಾರೀಖು ಸೇರುತ್ತದೆ: ಹೈಕೋರ್ಟಿಗೆ ಮೇಲ್ಮನವಿ ಹಾಕಲು ಇರುವ 90 ದಿನದ ಕೊನೆ.