ಅಬಲೋನ್ ಸಾಕುವಾಗ ನಾನು ನೋಡುವುದು ಅದರ ಪಾದವನ್ನು

ನಾನು ಕೆಲಸ ಮಾಡುವುದು ದಕ್ಷಿಣ ಆಫ್ರಿಕಾದ ಹರ್ಮನಸ್‌ನಲ್ಲಿ, ಕಡಲ ದಂಡೆಯ ಒಂದು ಅಬಲೋನ್ ಫಾರ್ಮ್‌ನಲ್ಲಿ. ಅಬಲೋನ್ ಅಂದರೆ ಚಿಪ್ಪಿರುವ ಒಂದು ಕಡಲಜೀವಿ, ಇಲ್ಲಿನವರು ಅದಕ್ಕೆ ಪರ್ಲಮುನ್ ಅನ್ನುತ್ತಾರೆ. ಊರಿಗೆ ಹೋದಾಗ ಚಿಪ್ಪು ಅಂದರೆ ಸಾಕು, ಎಲ್ಲರೂ ಮರುವಾಯಿ ಅಂದುಕೊಳ್ಳುತ್ತಾರೆ. ಮರುವಾಯಿಗೆ ಎರಡು ಚಿಪ್ಪು, ಇದಕ್ಕೆ ಒಂದೇ. ಇದು ಬಸವನಹುಳುವಿನ ಕಡೆಯದು. ಚಿಪ್ಪಿನ ಒಂದು ಬದಿಗೆ ಸಾಲಾಗಿ ತೂತುಗಳಿರುತ್ತವೆ. ಕಿವಿರು ದಾಟಿದ ನೀರು, ಮಲ, ಮೊಟ್ಟೆ, ವೀರ್ಯ ಎಲ್ಲ ಹೊರಗೆ ಬರುವುದು ಅಲ್ಲಿಂದಲೇ. ಬೆಳೆದ ಹಾಗೆ ಮುಂದೆ ಹೊಸ ತೂತು ಮೂಡುತ್ತದೆ, ಹಿಂದಿನದು ಮುಚ್ಚಿಹೋಗುತ್ತದೆ.

ಮೈಯ ಬಹುಭಾಗ ಒಂದೇ ದಪ್ಪ ಪಾದ. ಅದರಿಂದಲೇ ಬಂಡೆಗೆ ಕಚ್ಚಿಕೊಳ್ಳುತ್ತದೆ. ನಾನು ಬೆಳಿಗ್ಗೆ ಟ್ಯಾಂಕ್ ಹತ್ತಿರ ಹೋದ ತಕ್ಷಣ ನೋಡುವುದೂ ಅದನ್ನೇ. ಮುಟ್ಟಿದ ಕೂಡಲೇ ಗಟ್ಟಿಯಾಗಿ ಅಂಟಿಕೊಂಡರೆ ಆರೋಗ್ಯವಾಗಿದೆ. ಮಗುಚಿ ಹಾಕಿದರೆ ತಾನೇ ಹೊರಳಿಕೊಳ್ಳಬೇಕು. ಹಗಲಲ್ಲಿ ಒಂದಷ್ಟು ಹುಳುಗಳು ನೀರಿನ ಮೇಲಂಚಿಗೆ ಹತ್ತಿ ಚಿಪ್ಪು ಎತ್ತಿಕೊಂಡು ಕೂತಿದ್ದರೆ ಮೊದಲು ಗಾಳಿ ಪೈಪು, ನೀರಿನ ಹರಿವು ನೋಡುತ್ತೇನೆ, ಯಾಕೆಂದರೆ ಕತ್ತಲಾಗುವ ಮುಂಚೆ ಇದು ಸುಮ್ನೆ ಜಾಗ ಬಿಟ್ಟು ಏಳುವ ಪ್ರಾಣಿಯಲ್ಲ.

ಬಂಡೆಯಿಂದ ಬಲವಂತವಾಗಿ ಕೀಳಬಾರದು. ಇದರ ರಕ್ತ ನಮ್ಮದರಂತೆ ಹೆಪ್ಪುಗಟ್ಟುವುದಿಲ್ಲ, ಪಾದಕ್ಕೆ ಆಳವಾದ ಗಾಯವಾದರೆ ಉಳಿಯುವುದು ಕಷ್ಟ. ಗಾತ್ರ ನೋಡಿ ಬೇರ್ಪಡಿಸುವಾಗ ಮೆಗ್ನೀಸಿಯಮ್ ಸಲ್ಫೇಟ್ ಬೆರೆಸಿದ ನೀರಲ್ಲಿ ಸ್ವಲ್ಪ ಹೊತ್ತು ಬಿಡುತ್ತೇವೆ, ಮಂಪರು ಹತ್ತಿ ಹಿಡಿತ ತಾನೇ ಸಡಿಲವಾಗುತ್ತದೆ.

ಊಟ ಸಂಜೆ. ಕೆಲ್ಪ್ ಅನ್ನುವ ದೊಡ್ಡ ಕಡಲಕಳೆ ಹಾಕಿದರೆ ರಾತ್ರಿಯಿಡೀ ತಿನ್ನುತ್ತವೆ. ನಾಲಿಗೆಯ ಮೇಲೆ ಸಣ್ಣ ಸಣ್ಣ ಹಲ್ಲುಗಳು, ಅರದಿಂದ ಉಜ್ಜಿದ ಹಾಗೆ ಕೆರೆದು ತಿನ್ನುತ್ತದೆ. ಇಷ್ಟು ತಿಂದರೂ ಬೆಳೆಯುವುದು ಮಾತ್ರ ಬಹಳ ನಿಧಾನ. ಮಾರುವ ಗಾತ್ರಕ್ಕೆ ಬರಲು ಫಾರ್ಮ್‌ನಲ್ಲೇ 4-5 ವರ್ಷ ಬೇಕು.

ನನಗೆ ತುಂಬಾ ಇಷ್ಟದ ಕೆಲಸ ಮರಿ ಮಾಡಿಸುವುದು. ಪಾದವನ್ನು ಪಕ್ಕಕ್ಕೆ ಸರಿಸಿ ನೋಡಿದರೆ ಗಂಡು ಹೆಣ್ಣು ಗೊತ್ತಾಗುತ್ತದೆ: ಒಳಗಿನ ಸಂತಾನದ ಅಂಗ ಗಂಡಿಗೆ ಕೆನೆ ಬಣ್ಣ, ಹೆಣ್ಣಿಗೆ ಹಸಿರು. ಎರಡನ್ನೂ ಬೇರೆ ಬೇರೆ ತೊಟ್ಟಿಯಲ್ಲಿಟ್ಟು ಮೊಟ್ಟೆ, ವೀರ್ಯ ಬಿಡಲಿ ಎಂದು ನೀರಿಗೆ ಲೆಕ್ಕದ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಆಮೇಲೆ ನೀರು ಬದಲಿಸಿ ಕಾಯುತ್ತೇವೆ. ದೊಡ್ಡ ಹೆಣ್ಣೊಂದು ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಹುಟ್ಟಿದ ಮರಿ ಸುಮಾರು ಒಂದು ವಾರ ಏನೂ ತಿನ್ನದೆ ಮೊಟ್ಟೆಯಿಂದ ಬಂದ ಹಳದಿಯಲ್ಲೇ ಬದುಕಿ ಈಜಾಡುತ್ತದೆ. ಆಮೇಲೆ ಕೂರಲು ಜಾಗ ಹುಡುಕುತ್ತದೆ. ಅಷ್ಟರಲ್ಲಿ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮರಿಗಳು ತಿನ್ನುವ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಯ ತೆಳ್ಳನೆ ಪದರ ಬೆಳೆದಿರಬೇಕು, ಇಲ್ಲದಿದ್ದರೆ ಆ ಬ್ಯಾಚ್ ಪೂರ್ತಿ ಹೋದಂತೆಯೇ. ಪದರ ಚೆನ್ನಾಗಿದ್ದರೂ ಈ ಹಂತದಲ್ಲೇ ಸಾವು ಜಾಸ್ತಿ.

ಕಡಲಲ್ಲಿ ಇವುಗಳ ಕಷ್ಟ ಇನ್ನೂ ದೊಡ್ಡದು. ಇಲ್ಲಿನ ಎಳೆ ಅಬಲೋನ್‌ಗಳು ಸೀ ಅರ್ಚಿನ್ ಅನ್ನುವ ಮುಳ್ಳುಜೀವಿಯ ಅಡಿಯಲ್ಲಿ ಅಡಗಿ ಬೆಳೆಯುತ್ತವೆ. 1990ರ ದಶಕದ ಶುರುವಿನಲ್ಲಿ ಪಶ್ಚಿಮ ಕರಾವಳಿಯ ಲಾಬ್‌ಸ್ಟರ್‌ಗಳು ಹರ್ಮನಸ್ ಕಡೆಯ ನೀರಿಗೆ ಗುಂಪಾಗಿ ಬಂದು ಅರ್ಚಿನ್‌ಗಳನ್ನು ತಿಂದುಹಾಕಿದವು. ಮರಿಗಳ ಮರೆ ಹೋಯಿತು. ಮೇಲಿಂದ ಕಳ್ಳಬೇಟೆ. 2003ರಲ್ಲಿ ಹವ್ಯಾಸಕ್ಕೆ ಹಿಡಿಯುವುದನ್ನು ಸರ್ಕಾರ ನಿಲ್ಲಿಸಿತು, ಆದರೂ ಕಳ್ಳಬೇಟೆ ನಿಂತಿಲ್ಲ. ಇಷ್ಟು ನಿಧಾನವಾಗಿ ಬೆಳೆಯುವ ಜೀವಿಯನ್ನು ರಾತ್ರೋರಾತ್ರಿ ಚೀಲಗಟ್ಟಲೆ ಒಯ್ಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಡಲಲ್ಲಿ ಅರ್ಚಿನ್ ಕೊಡುವ ಮರೆಯನ್ನು ಫಾರ್ಮ್‌ನಲ್ಲಿ ನಾವೇ ಮಾಡಿಕೊಡುತ್ತೇವೆ. ಬುಟ್ಟಿಯೊಳಗೆ ಪ್ಲಾಸ್ಟಿಕ್ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ, ಮೇಲೆ ನೆರಳು ಬಲೆ ಹಾಕುತ್ತೇವೆ. ಹೊಸದಾಗಿ ಸಾಕುವವರಿಗೆ ನಾನು ಮೊದಲು ಹೇಳುವುದು ಹಲಗೆ ತೊಳೆಯುವುದನ್ನು. ತಿಂದು ಉಳಿದ ಕೆಲ್ಪ್ ಅಡಿಯಲ್ಲಿ ಕೊಳೆತರೆ ಮೊದಲು ಒದ್ದಾಡುವುದು ಕೆಳಗೆ ಕೂತವು.