ದಾದರ್ ಹೂಮಾರ್ಕೆಟ್ಟಿನ ಗದ್ದಲದಲ್ಲಿ ಫ್ರೇಮ್ ಹಿಡಿದದ್ದು

ಮುಂಬೈಯ ದಾದರ್ ಸ್ಟೇಷನ್ನಿನ ಪಶ್ಚಿಮಕ್ಕಿರುವ ಹೂಮಾರ್ಕೆಟ್ಟಿನಲ್ಲಿ ಎತ್ತ ನೋಡಿದರೂ ಫೋಟೋ. ಆದರೆ ಮನೆಗೆ ಬಂದು ನೋಡಿದರೆ ಒಬ್ಬರ ತಲೆಯಿಂದ ಕಂಬ ಎದ್ದಿರುತ್ತಿತ್ತು, ಅಂಚಿನಲ್ಲಿ ಯಾರದೋ ಅರ್ಧ ಕೈ. ಅಲ್ಲಿ ಜನ ನಿಲ್ಲುವುದಿಲ್ಲ. ನಿಲ್ಲಿ ಅಂದರೆ ಆ ಕ್ಷಣವೇ ಹೋಯಿತು, ಅಲ್ವಾ?

ಜನರ ಹಿಂದೆ ಹೋಗುವುದನ್ನು ಬಿಟ್ಟ ಮೇಲೆ ದಾರಿ ಸಿಕ್ಕಿತು. ಈಗ ಮೊದಲು ಹಿನ್ನೆಲೆ ಹುಡುಕುತ್ತೇನೆ. ನೀಲಿ ಟಾರ್ಪಾಲಿನ್, ಅದರ ಮುಂದೆ ಚೆಂಡುಹೂವಿನ ರಾಶಿ, ಅಷ್ಟು ಸಾಕು. ನಾಲ್ಕೂ ಅಂಚು ನೋಡಿ, ಒಂದು ಬದಿ ಖಾಲಿ ಬಿಟ್ಟು ಸುಮ್ನೆ ಕಾಯುತ್ತೇನೆ. ಬುಟ್ಟಿ ಹೊತ್ತವರು ಆ ಖಾಲಿ ಜಾಗಕ್ಕೆ ಕಾಲಿಟ್ಟಾಗ ಕ್ಲಿಕ್. ಅವರು ನಡೆಯುವ ದಿಕ್ಕಿನಲ್ಲಿ ಜಾಗ ಜಾಸ್ತಿ ಇರಬೇಕು, ಇಲ್ಲದಿದ್ದರೆ ಫ್ರೇಮಿಗೆ ಡಿಕ್ಕಿ ಹೊಡೆದಂತೆ ಕಾಣುತ್ತಾರೆ.

ಆಟೋಫೋಕಸ್ ತಡವರಿಸದಂತೆ ಅದನ್ನೂ ಆಫ್ ಮಾಡಿದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಅಗಲ ನೋಟದ 28 ಎಂಎಂ ಲೆನ್ಸ್, ಎಫ್/8 (ಅಂದರೆ ಲೆನ್ಸಿನ ಕಿಂಡಿ ಕಿರಿದು), ಫೋಕಸ್ 3 ಮೀಟರಿಗೆ. ಆಗ ಸುಮಾರು 1.6 ಮೀಟರಿನಿಂದ 30 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಶಟರ್ 1/250 ಸೆಕೆಂಡು. ಇನ್ನು ಕಣ್ಣಿಗೆ ಉಳಿದ ಕೆಲಸ ಫ್ರೇಮ್ ನೋಡುವುದು ಮಾತ್ರ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇದೇ.

ಪಕ್ಕದ ಮಾಟುಂಗಾದಲ್ಲಿ ಮಲ್ಲಿಗೆ ಕಟ್ಟುವವರ ಎದುರು ಮಾತ್ರ ನಾನೂ ಕೆಳಗೆ ಕೂರುತ್ತೇನೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚಿತ್ರದ ಅಂಚು ಮಣಿಕಟ್ಟಿನಲ್ಲಿ ಕತ್ತರಿಸದಂತೆ ನೋಡಿಕೊಳ್ಳಿ. ಅಲ್ಲಿ ಬೆರಳುಗಳೇ ಮುಖ್ಯ.