ಲೋಕಲ್ ರೈಲಿನಲ್ಲಿ ಪಿಕ್ರಾಸ್ ಬಿಡಿಸುವ ಬಗೆ

ಮುಂಬೈನ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನಿತ್ಯ ಹೋಗಿಬರುವ ಕನ್ನಡಿಗರು, ಕೈಯಲ್ಲಿ ಹಿಡಿದು ಆಡಬಹುದಾದ ಗೇಮ್ ಸಾಧನವಾದ ನಿಂಟೆಂಡೊ ಸ್ವಿಚ್‌ಗೆ 2017ರಲ್ಲಿ ಬಂದ ‘ಪಿಕ್ರಾಸ್ ಎಸ್’ ಎಂಬ, ಅಂಕಿಗಳ ಸುಳಿವು ಹಿಡಿದು ಚೌಕಮನೆಗಳನ್ನು ತುಂಬಿ ಚಿತ್ರ ಮೂಡಿಸುವ ಆಟವನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಒಮ್ಮೆ ತೆರೆದು ನೋಡಿ ಹೊರಡುವುದು ಒಳ್ಳೆಯದು. ಸಾಲಿನ ಪಕ್ಕದ ಅಂಕಿಗಳು ಎಷ್ಟೆಷ್ಟು ಮನೆಗಳನ್ನು ಒತ್ತಾಗಿ ತುಂಬಬೇಕೆಂದು ಹೇಳುತ್ತವೆ. ಎರಡು ಗುಂಪುಗಳ ನಡುವೆ ಕನಿಷ್ಠ ಒಂದು ಮನೆ ಖಾಲಿ ಉಳಿಯಬೇಕು. ಹತ್ತು ಮನೆಗಳ ಸಾಲಿಗೆ 7 ಎಂದಿದ್ದರೆ, ಆ ಏಳನ್ನು ಎಡತುದಿಯಿಂದ ಒಮ್ಮೆ, ಬಲತುದಿಯಿಂದ ಒಮ್ಮೆ ಎಣಿಸಿ, ಎರಡೂ ಎಣಿಕೆಗಳಲ್ಲಿ ಸಿಗುವ 4ರಿಂದ 7ನೆಯವರೆಗಿನ ಮನೆಗಳನ್ನು ಧೈರ್ಯವಾಗಿ ತುಂಬಬಹುದು. 4 ಮತ್ತು 5 ಎಂದಿದ್ದರಂತೂ ನಡುವಿನ ಖಾಲಿ ಮನೆ ಸೇರಿ ಇಡೀ ಸಾಲೇ ಮುಗಿಯುತ್ತದೆ. ಖಾಲಿಯೆಂದು ಖಚಿತವಾದ ಮನೆಗೆ ತಪ್ಪದೆ ಗುಣಾಕಾರದ ಗುರುತು ಹಾಕಿರಿ. ಕುರ್ಲಾದ ನೂಕುನುಗ್ಗಲಿನಲ್ಲಿ ನೆನಪನ್ನು ನಂಬುವಂತಿಲ್ಲ.